ನಕ್ಷೆಗೆ ಕೋಡ್ ಬರೆಯಲು ಕಲಿತವರು

1963ರ ಕೊನೆಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲೊಂದು ತರಬೇತಿ ನಡೆಯಿತು. ಕಂಪ್ಯೂಟರಿನಿಂದ ನಕ್ಷೆ ಮುದ್ರಿಸುವ ಬಗೆಯನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ಗರ್ ಹಾರ್ವುಡ್ ತಂಡ ಹೇಳಿಕೊಡುತ್ತಿತ್ತು. ಕೇಳಲು ಬಂದವರಲ್ಲಿ ಹೋವರ್ಡ್ ಫಿಶರ್ ಎಂಬ ವಾಸ್ತುಶಿಲ್ಪಿಯೂ ಇದ್ದರು. ವಯಸ್ಸು ಅರವತ್ತು. ಬೇರೆಯವರು ನಿವೃತ್ತಿಯ ಲೆಕ್ಕ ಹಾಕುವ ಪ್ರಾಯದಲ್ಲಿ ಫಿಶರ್, ಇದಕ್ಕಿಂತ ಒಳ್ಳೆಯ ನಕ್ಷೆ ತೆಗೆಯಬಹುದೆಂದು ಹಟಕ್ಕೆ ಬಿದ್ದರು. ಪ್ರೋಗ್ರಾಮರ್ ಬೆಟ್ಟಿ ಬೆನ್ಸನ್ ಜೊತೆಗೂಡಿ ಫೋರ್ಟ್ರಾನ್ ಭಾಷೆಯಲ್ಲಿ ನಕ್ಷೆ ಮುದ್ರಿಸುವ ‘ಸಿಮ್ಯಾಪ್’ ಎಂಬ ಪ್ರೋಗ್ರಾಮನ್ನು ಸಿದ್ಧಪಡಿಸಿದರು. 1965ರಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ಹಾರ್ವರ್ಡ್‌ನಲ್ಲಿ ಅವರ ಪ್ರಯೋಗಾಲಯವೂ ಶುರುವಾಯಿತು.

ಭೌಗೋಳಿಕ ಮಾಹಿತಿ ವ್ಯವಸ್ಥೆಗೆ ಇರುವ ಜಿಐಎಸ್ ಎಂಬ ಹೆಸರಿನ ಕೀರ್ತಿ ಕೆನಡಾದ ರೋಜರ್ ಟಾಮ್ಲಿನ್ಸನ್‌ಗೆ ಸಲ್ಲುತ್ತದೆ. ಅದೇ ದಶಕದಲ್ಲಿ ಅವರು ದೇಶದ ಭೂಬಳಕೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದರು. ಆದರೆ ಅದು ಸರ್ಕಾರಿ ಯೋಜನೆ. ಹೊರಗಿನವರು ಕೂತು ಕಲಿಯುವಂಥದ್ದು ಸಿಮ್ಯಾಪ್. ಹಾರ್ವರ್ಡ್ ಇದಕ್ಕೊಂದು ಅಂಚೆ ಕೋರ್ಸನ್ನೂ ನಡೆಸಿತು.

ಕಲಿಯುವವರು ಮೊದಲು ಹಿಡಿಯಬೇಕಿದ್ದದ್ದು ಸ್ಕೇಲು, ಪೆನ್ಸಿಲ್. ಪ್ರದೇಶದ ಗಡಿಯ ಒಂದೊಂದು ತಿರುವನ್ನೂ ಅಳೆದು, ಅಂಕಿಗಳನ್ನು ಪಂಚ್ ಕಾರ್ಡಿಗೆ ಇಳಿಸಬೇಕು. ಗಡಿಗೊಂದು ಕಟ್ಟು, ದತ್ತಾಂಶದ ಬಿಂದುಗಳಿಗೊಂದು, ಮೌಲ್ಯಗಳಿಗೊಂದು, ನಕ್ಷೆ ಹೇಗಿರಬೇಕೆಂಬ ಸೂಚನೆಗೊಂದು. ಕಟ್ಟು ಮುಗಿಯಿತೆನ್ನಲು 99999 ಎಂಬ ಕಾರ್ಡು. ಅಷ್ಟನ್ನೂ ಕಂಪ್ಯೂಟರ್ ಕೇಂದ್ರದಲ್ಲಿ ಕೊಟ್ಟು ಕಾಯಬೇಕು. ಲೈನ್ ಪ್ರಿಂಟರಿಗೆ ಅಕ್ಷರ ಹೊಡೆಯುವುದು ಮಾತ್ರ ಗೊತ್ತು, ಬಣ್ಣ ತುಂಬಲು ಬರುವುದಿಲ್ಲ. ಹಾಗಾಗಿ ತೆಳು ಛಾಯೆಗೆ ಚುಕ್ಕಿ. ಕಡುಗಪ್ಪಿಗೆ ಓ, ಎಕ್ಸ್, ಎ, ವಿ ನಾಲ್ಕನ್ನೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಹೊಡೆಸುವ ಉಪಾಯ. ಹತ್ತಿರದಿಂದ ನೋಡಿದರೆ ಬರೀ ಗೀಚು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಜನಸಾಂದ್ರತೆಯ ನಕ್ಷೆ.

ಸಿಮ್ಯಾಪ್‌ನಲ್ಲಿ ಒಂದು ಬಿಂದು ಎಲ್ಲಿದೆಯೆಂದು ಹೇಳಲು ಮೊದಲು ಮೇಲಿನಿಂದ ಕೆಳಕ್ಕೆ ಎಷ್ಟು, ಆಮೇಲೆ ಎಡದಿಂದ ಬಲಕ್ಕೆ ಎಷ್ಟು ಎಂದು ಬರೆಯಬೇಕಿತ್ತು. ಶಾಲೆಯ ಗ್ರಾಫಿನ ಕ್ರಮಕ್ಕೆ ಉಲ್ಟಾ. ಈ ತಕರಾರು ಇವತ್ತಿಗೂ ಮುಗಿದಿಲ್ಲ. ಭೂಗೋಳದವರು ಅಕ್ಷಾಂಶವನ್ನು ಮೊದಲು ಹೇಳುತ್ತಾರೆ, ನಕ್ಷೆಯ ದತ್ತಾಂಶ ಇಡುವ ಜಿಯೋಜೇಸನ್ ಕಡತಕ್ಕೆ ರೇಖಾಂಶವೇ ಮೊದಲು ಬೇಕು. ಬೆಂಗಳೂರಿನ 12.97, 77.59 ಎಂಬ ಜೋಡಿಯನ್ನು ಅದಲುಬದಲು ಮಾಡಿದರೆ ವಿಧಾನಸೌಧದ ಊರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಾಗರಕ್ಕೆ ಬೀಳುತ್ತದೆ. ಪ್ರೋಗ್ರಾಮು ತಕರಾರು ಎತ್ತುವುದಿಲ್ಲ. ಅಲ್ಲೇ ಚುಕ್ಕಿ ಇಟ್ಟು ಸುಮ್ಮನಾಗುತ್ತದೆ.

ಹಾರ್ವರ್ಡ್ ಪ್ರಯೋಗಾಲಯದಲ್ಲಿ ಪಳಗಿದ ಜ್ಯಾಕ್ ಡೇಂಜರ್‌ಮಂಡ್ 1969ರಲ್ಲಿ ಪತ್ನಿ ಲಾರಾ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಎಸ್ರಿ ಎಂಬ ಜಿಐಎಸ್ ಸಂಸ್ಥೆ ಕಟ್ಟಿದರು. 1982ರಲ್ಲಿ ಅದರ ಆರ್ಕ್‌ಇನ್ಫೋ ತಂತ್ರಾಂಶ ಬಂತು. ಅಲ್ಲಿಂದ ಕಲಿಯುವವರ ಪಾಡು ಬಾಡಿಗೆ ಮನೆ ಬದಲಾಯಿಸುವವರ ಪಾಡು. ಮೊದಲು ಎಎಂಎಲ್ ಎಂಬ ಮ್ಯಾಕ್ರೊ ಭಾಷೆ. ತೊಂಬತ್ತರ ದಶಕದ ಆರ್ಕ್‌ವ್ಯೂಗೆ ‘ಅವೆನ್ಯೂ’ ಎಂಬ ಇನ್ನೊಂದು. ಅದು ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಆರ್ಕ್‌ಜಿಐಎಸ್ ಬಂದು ವಿಷುವಲ್ ಬೇಸಿಕ್ ಕಲಿಯಿರಿ ಎಂದಿತು. 2004ರ ಒಂಬತ್ತನೇ ಆವೃತ್ತಿಯಲ್ಲಿ ಪೈಥಾನ್ ಕಾಲಿಟ್ಟಿತು, 2010ರಲ್ಲಿ ಆರ್ಕ್‌ಪೈ ಎಂಬ ಪೈಥಾನ್ ಲೈಬ್ರರಿ ಸೇರಿಕೊಂಡಿತು. ಅವೆನ್ಯೂ ಬಲ್ಲವರ ವಿದ್ಯೆ ಬೇರೆಲ್ಲೂ ಚಲಾವಣೆಗೆ ಬರಲಿಲ್ಲ. ಪೈಥಾನ್ ಹಾಗಲ್ಲ, ಜಿಐಎಸ್ ಬಿಟ್ಟರೂ ಅನ್ನ ಕೊಡುತ್ತದೆ.

ದುಡ್ಡಿಲ್ಲದವರಿಗೆ ದಾರಿ ಬೇರೆ ಕಡೆಯಿಂದ ತೆರೆಯಿತು. ಉಚಿತ ತಂತ್ರಾಂಶಗಳು ಬಂದವು. ವಿಚಿತ್ರವೆಂದರೆ ಅವುಗಳಲ್ಲೊಂದು ಅಮೆರಿಕದ ಸೇನೆಯ ಕೊಡುಗೆ: ಅದರ ಇಂಜಿನಿಯರಿಂಗ್ ಪ್ರಯೋಗಾಲಯ ಎಂಬತ್ತರ ದಶಕದಲ್ಲಿ ಬೆಳೆಸಿದ ‘ಗ್ರಾಸ್’. 1998ರಲ್ಲಿ ಫ್ರ್ಯಾಂಕ್ ವಾರ್ಮರ್‌ಡ್ಯಾಮ್ ನಕ್ಷೆಯ ಬಗೆಬಗೆಯ ಕಡತಗಳನ್ನು ಓದುವ ‘ಜಿಡಾಲ್’ ಲೈಬ್ರರಿ ಆರಂಭಿಸಿದರು. 2002ರಲ್ಲಿ ಅಲಾಸ್ಕಾದ ಗ್ಯಾರಿ ಶೆರ್ಮನ್ ಕ್ಯೂಜಿಐಎಸ್‌ಗೆ ಕೈಹಾಕಿದರು. ಈಗ ಲೈಸೆನ್ಸ್ ಕೊಳ್ಳದೆಯೂ ವಿದ್ಯಾರ್ಥಿ ಕ್ಯೂಜಿಐಎಸ್‌ನೊಳಗೇ ಪೈಥಾನ್ ಕನ್ಸೋಲ್ ತೆರೆದು ಮೊದಲ ಸಾಲು ಬರೆಯಬಹುದು.

ಕರ್ನಾಟಕದಲ್ಲಿ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ 1986ರಲ್ಲೇ ಸ್ಥಾಪನೆಯಾಯಿತು. ಎರಡು ವರ್ಷಕ್ಕೆ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿತು. ಇಲ್ಲಿ ಕಲಿಯುವವರಿಗೆ ಮೊದಲು ಎದುರಾಗುವ ತೊಡಕು ಮಾತ್ರ ಅಪ್ಪಟ ಸ್ಥಳೀಯ. 2011ರ ಜನಗಣತಿಯ ಕೋಷ್ಟಕವನ್ನು ಜಿಲ್ಲೆಗಳ ನಕ್ಷೆಗೆ ಜೋಡಿಸುವ ಲೆಕ್ಕ ಕೊಟ್ಟರೆ ಅರ್ಧ ರಾಜ್ಯ ಖಾಲಿ ಕಾಣಿಸುತ್ತದೆ. ಕೋಷ್ಟಕದಲ್ಲಿರುವುದು ಬೆಳಗಾಂ, ಬಿಜಾಪುರ, ಗುಲ್ಬರ್ಗ. ನಕ್ಷೆಯಲ್ಲಿರುವುದು 2014ರ ರಾಜ್ಯೋತ್ಸವದಂದು ಬಂದ ಬೆಳಗಾವಿ, ವಿಜಯಪುರ, ಕಲಬುರಗಿ. ಹೆಸರು ಬಿಟ್ಟು ಜನಗಣತಿಯ ಸಂಕೇತ ಹಿಡಿದರೆ, ಅಂದರೆ ಬೆಳಗಾವಿಗೆ 555, ಇದು ಬಗೆಹರಿಯುತ್ತದೆ. 2021ರಲ್ಲಿ ಬಳ್ಳಾರಿಯನ್ನು ಒಡೆದು ಮಾಡಿದ ವಿಜಯನಗರ ಜಿಲ್ಲೆಗೆ ಆ ಪಟ್ಟಿಯಲ್ಲಿ ಸಂಕೇತವೇ ಇಲ್ಲ. ತಾಲ್ಲೂಕುಗಳನ್ನು ಕೂಡಿಸಿ ಲೆಕ್ಕ ತೆಗೆಯಬೇಕು. ಬಳ್ಳಾರಿಯ ಹಳೆಯ ತಾಲ್ಲೂಕುಗಳನ್ನಷ್ಟೇ ಕೂಡಿಸುವ ಕೋಡು ಎಲ್ಲೂ ನಿಲ್ಲದೆ ಓಡಿ, ತಪ್ಪು ಮೊತ್ತ ಕೊಡುತ್ತದೆ: ಈಗ ವಿಜಯನಗರಕ್ಕೆ ಸೇರಿದ ಹರಪನಹಳ್ಳಿ ಜನಗಣತಿ ನಡೆದಾಗ ದಾವಣಗೆರೆ ಜಿಲ್ಲೆಯಲ್ಲಿತ್ತು.