ಶತ್ರುವಿನ ಸಂಗೀತ ಕೇಳಿದವರು

ಸಂಗೀತದ ಚರಿತ್ರೆ ಬರೆಯುವಾಗ ನಾವು ಹಾಡಿದವರ, ನುಡಿಸಿದವರ ಹೆಸರುಗಳನ್ನಷ್ಟೇ ದಾಖಲಿಸುತ್ತೇವೆ. ಕೇಳಿದವರಿಗೆ ಅಲ್ಲಿ ಜಾಗವಿಲ್ಲ. ಆದರೆ ಜಾಝ್ ಸಂಗೀತದ ಕಥೆಯನ್ನು ಕೇಳುಗರನ್ನು ಬಿಟ್ಟು ಹೇಳಲು ಸಾಧ್ಯವಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿ ಬೆಳೆಸಿದ ಸಂಗೀತ ಇದು. 1917ರಲ್ಲಿ ಅದು ಮೊದಲ ಬಾರಿಗೆ ಗ್ರಾಮಫೋನ್ ತಟ್ಟೆಗೆ ಇಳಿದಾಗ, ಮುದ್ರಣದ ಅವಕಾಶ ಸಿಕ್ಕಿದ್ದು ಮಾತ್ರ ಬಿಳಿಯರ ತಂಡವೊಂದಕ್ಕೆ! ಮುಂದಿನ ಎರಡು ದಶಕಗಳಲ್ಲಿ ಈ ತಟ್ಟೆಗಳು ಹಡಗು ಹತ್ತಿ ಯುರೋಪ್, ಜಪಾನ್‌ಗಳನ್ನು ತಲುಪಿದವು. ಬೆಲೆ ದುಬಾರಿ. ಹಾಗಾಗಿ ಒಬ್ಬರು ಕೊಂಡದ್ದನ್ನು ಹತ್ತು ಮಂದಿ ಕೂತು ಕೇಳುವ, ಕೇಳಿದ್ದರ ಬಗ್ಗೆ ವಾದಿಸುವ ರೂಢಿ ಎಲ್ಲೆಡೆ ಬೆಳೆಯಿತು.

ಪ್ಯಾರಿಸ್‌ನಲ್ಲಿ 1932ರಲ್ಲಿ ಇಂಥ ಕೇಳುಗರೇ ಸೇರಿ 'ಹಾಟ್ ಕ್ಲಬ್ ದ ಫ್ರಾನ್ಸ್' ಎಂಬ ಸಂಘ ಕಟ್ಟಿದರು. ತಟ್ಟೆಗಳ ಮೇಲೆ ಬಹುಪಾಲು ತಂಡದ ಹೆಸರಷ್ಟೇ ಇರುತ್ತಿತ್ತು. ತುತ್ತೂರಿ ಊದಿದವರು ಯಾರು, ಪಿಯಾನೋ ನುಡಿಸಿದವರು ಯಾರು ಎಂಬುದು ತಿಳಿಯುತ್ತಿರಲಿಲ್ಲ. ಸಂಘದ ಶಾರ್ಲ್ ದಲೋನೆ ಈ ವಿವರಗಳನ್ನೆಲ್ಲ ಕಲೆಹಾಕಿ 1936ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅನಾಮಿಕರಾಗಿ ಉಳಿಯಬಹುದಾಗಿದ್ದ ಅನೇಕ ಕಪ್ಪು ಕಲಾವಿದರ ಹೆಸರು ಉಳಿದದ್ದು ಇಂಥ ಕೇಳುಗರ ಶ್ರದ್ಧೆಯಿಂದ.

ಅಧಿಕಾರಕ್ಕೆ ಇದು ಹಿಡಿಸಲಿಲ್ಲ. ನಾಝಿ ಜರ್ಮನಿ ಜಾಝ್ ಅನ್ನು ಕಪ್ಪು ಜನರ ಮತ್ತು ಯಹೂದಿಗಳ ಸಂಗೀತವೆಂದು ಹೀಗಳೆದು, 1935ರಲ್ಲಿ ರೇಡಿಯೋದಿಂದ ಹೊರಗಟ್ಟಿತು. ಹ್ಯಾಂಬರ್ಗ್‌ನ ಹದಿಹರೆಯದವರು ಮನೆಗಳಲ್ಲಿ ಸೇರಿ, ಕೈಯಲ್ಲಿ ಒಯ್ಯಬಹುದಾದ ಗ್ರಾಮಫೋನ್ ಇಟ್ಟು ಕೇಳುತ್ತಲೇ ಇದ್ದರು. ಅವರಲ್ಲಿ ಹೆಚ್ಚಿನವರು ಉಳ್ಳವರ ಮಕ್ಕಳು, ರಾಜಕೀಯ ಹೋರಾಟಗಾರರೇನೂ ಅಲ್ಲ. ಆದರೂ 1941ರ ಆಗಸ್ಟ್‌ನಲ್ಲಿ ಪೊಲೀಸರು ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಇವರ ಮುಂದಾಳುಗಳನ್ನು ಎರಡು ಮೂರು ವರ್ಷ ಯಾತನಾ ಶಿಬಿರದಲ್ಲಿಡಬೇಕೆಂದು ಹಿಮ್ಲರ್ 1942ರ ಜನವರಿಯಲ್ಲಿ ಪತ್ರ ಬರೆದ. ಹಾಡು ಕೇಳಿದ ಹುಡುಗ ಹುಡುಗಿಯರು ನಿಜವಾಗಿಯೂ ಶಿಬಿರ ಸೇರಿದರು. ಯಾರನ್ನು ಕೀಳು ಎಂದು ದ್ವೇಷಿಸಬೇಕೆಂದು ಪ್ರಭುತ್ವ ಕಲಿಸುತ್ತಿತ್ತೋ, ಅವರ ಪ್ರತಿಭೆಗೆ ಈ ಮಕ್ಕಳು ತಲೆದೂಗುತ್ತಿದ್ದರು. ಅದೇ ಅಪರಾಧವಾಯಿತು.

ಜಪಾನಿನ ಯೊಕೊಹಾಮಾದಲ್ಲಿ 1933ರಲ್ಲಿ 'ಚಿಗುಸ' ಎಂಬ ಕಾಫಿ ಅಂಗಡಿ ತೆರೆಯಿತು. ತಟ್ಟೆ ಕೊಳ್ಳಲಾಗದವರು ಅಲ್ಲಿ ಒಂದು ಕಪ್ ಕಾಫಿಯ ಬೆಲೆಗೆ ಜಾಝ್ ಕೇಳಬಹುದಿತ್ತು. ಅಮೆರಿಕದ ಮೇಲೆ ಯುದ್ಧ ಶುರುವಾದ ಮೇಲೆ ಅದು ಶತ್ರುವಿನ ಸಂಗೀತವೆನಿಸಿತು. 1943ರ ಜನವರಿಯಲ್ಲಿ ಸರಕಾರ ಸುಮಾರು ಒಂದು ಸಾವಿರ ಅಮೆರಿಕನ್, ಬ್ರಿಟಿಷ್ ಹಾಡುಗಳ ಪಟ್ಟಿ ಮಾಡಿ ನಿಷೇಧಿಸಿತು. ಆದರೆ ಚಿಗುಸದ ಸಾವಿರಾರು ತಟ್ಟೆಗಳನ್ನು ಸುಟ್ಟದ್ದು ಜಪಾನ್ ಸರಕಾರವಲ್ಲ. 1945ರ ಮೇ 29ರಂದು ನಗರದ ಮೇಲೆ ಬಾಂಬು ಸುರಿದ ಅಮೆರಿಕದ ವಿಮಾನಗಳು! ಯುದ್ಧ ಮುಗಿದ ಮೇಲೆ ಅಂಗಡಿ ಮತ್ತೆ ಎದ್ದಿತು. ಅಲ್ಲಿ ಕೂತು ತಟ್ಟೆ ಕೇಳಿ ಕೇಳಿಯೇ ಸ್ವರ ಬರೆದುಕೊಂಡ ತೊಶಿಕೊ ಅಕಿಯೋಶಿ ಎಂಬ ಯುವತಿ 1956ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಹೆಸರಾಂತ ಪಿಯಾನೋ ವಾದಕಿಯೂ ಸಂಯೋಜಕಿಯೂ ಆದರು.

ಸೋವಿಯತ್ ರಷ್ಯಾದಲ್ಲಿ ಅದೇ ಸಂಗೀತ ಬಂಡವಾಳಶಾಹಿಗಳ ವಿಕಾರವೆನಿಸಿತು. ಎರಡನೇ ಮಹಾಯುದ್ಧದ ನಂತರ ಲೆನಿನ್‌ಗ್ರಾಡ್‌ನ ಯುವಕರು ಆಸ್ಪತ್ರೆಗಳು ಎಸೆದ ಎಕ್ಸ್‌ರೇ ಹಾಳೆಗಳನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಅದರ ಮೇಲೆ ಹಾಡು ಕೊರೆದು ಗುಟ್ಟಾಗಿ ಹಂಚಿದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಇದನ್ನು ಮಾಡಿ ಮಾರಿದವರು ಜೈಲು ಕಂಡರು.

ಮೂರೂ ಪ್ರಭುತ್ವಗಳ ಸಿದ್ಧಾಂತ ಬೇರೆ ಬೇರೆ, ಭಯ ಮಾತ್ರ ಒಂದೇ. ಹಾಗೆಂದು ಕೇಳುಗರೆಲ್ಲ ನ್ಯಾಯವಂತರಾಗಿದ್ದರು ಎನ್ನಲಾಗದು. 1942ರ ಪ್ಯಾರಿಸ್‌ನ ಒಂದು ಛಾಯಾಚಿತ್ರವಿದೆ. ಜರ್ಮನ್ ವಾಯುಪಡೆಯ ಅಧಿಕಾರಿ, ಜಾಝ್‌ನ ಮಹಾ ಅಭಿಮಾನಿ ಡೀಟ್ರಿಚ್ ಶುಲ್ಟ್ಸ್‌-ಕೋನ್ ಸಮವಸ್ತ್ರದಲ್ಲೇ ನಿಂತಿದ್ದಾನೆ. ಪಕ್ಕದಲ್ಲಿ ರೋಮಾ ಸಮುದಾಯದ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್, ಕಪ್ಪು ಸಂಗೀತಗಾರರು ಮತ್ತು ಒಬ್ಬ ಯಹೂದಿ. ಆತನ ಸರಕಾರ ಆಗ ಯಹೂದಿಗಳನ್ನೂ ರೋಮಾ ಜನರನ್ನೂ ಕೊಲ್ಲುತ್ತಿತ್ತು. ಅತ್ತ ಅಮೆರಿಕದಲ್ಲೂ ಕಪ್ಪು ಕಲಾವಿದರ ಸಂಗೀತಕ್ಕೆ ಚಪ್ಪಾಳೆ ತಟ್ಟಿದ ಹೋಟೆಲುಗಳು ಅವರಿಗೆ ಮಲಗಲು ಕೋಣೆ ಕೊಡುತ್ತಿರಲಿಲ್ಲ.

ಕಲೆ ಮನುಷ್ಯರನ್ನು ಬೆಸೆಯುತ್ತದೆ ಎಂದು ನಾವು ವೇದಿಕೆಗಳಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಇತಿಹಾಸ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಇನ್ನೊಬ್ಬರ ಹಾಡನ್ನು ಮೆಚ್ಚಿಯೂ ಆ ಇನ್ನೊಬ್ಬರನ್ನು ಮನೆಯೊಳಗೆ ಕರೆಯದೇ ಇರಲು ಸಾಧ್ಯ. ಊರಿನ ಉರೂಸಿನ ಕವ್ವಾಲಿಗೂ ಜಾತ್ರೆಯ ಡೋಲಿಗೂ ತಲೆದೂಗುವ ನಾವು, ಅದನ್ನು ಹಾಡಿದವರಿಗೆ, ಬಾರಿಸಿದವರಿಗೆ ಬಾಡಿಗೆಗೆ ಮನೆ ಕೊಡುತ್ತೇವೆಯೇ? ಹ್ಯಾಂಬರ್ಗ್‌ನ ಮಕ್ಕಳ ಕಥೆ ಓದಿ ಮುಗಿಸಿದ ಮೇಲೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.