ಆತ್ಮಗಳನ್ನು ಹುಡುಕಿ ಹೊರಟ ಪತ್ರಕರ್ತನಿಗೆ ಮೈಸೂರು ಕೇಳಿದ ಪ್ರಶ್ನೆ

ಹಿರಿಯರ ಹಬ್ಬ ಬಂದರೆ ಯಲಹಂಕ, ಹೆಬ್ಬಾಳದ ಸುತ್ತಲಿನ ನಮ್ಮ ಮನೆಗಳಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅವರಿಂದ ಉತ್ತರವನ್ನೇನೂ ಕೇಳುವುದಿಲ್ಲ.

ಉತ್ತರ ಕೇಳಲು ಕೂತವರು ಪಶ್ಚಿಮದವರು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್‌ನಲ್ಲಿ ಫಾಕ್ಸ್ ಸಹೋದರಿಯರು, ಸತ್ತವನೊಬ್ಬ ತಟ್ಟುವ ಸದ್ದಿನ ಮೂಲಕ ತಮ್ಮೊಂದಿಗೆ ಮಾತಾಡುತ್ತಾನೆ ಎಂದರು. 1888ರಲ್ಲಿ ಅವರಲ್ಲೊಬ್ಬಳು, ಆ ಸದ್ದು ಕಾಲ್ಬೆರಳ ಕೀಲಿನದ್ದು ಎಂದು ಒಪ್ಪಿಕೊಂಡಳು. ಅಷ್ಟರಲ್ಲಿ ನಂಬಿಕೆ ಊರೂರು ದಾಟಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಅವರೇ ಅದರ ಪ್ರಚಾರಕ್ಕೆ ನಿಂತರು.

ಆ ಗಾಳಿಯಲ್ಲೇ ಬೆಳೆದವರು ಪಾಲ್ ಬ್ರಂಟನ್. 1898ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ನಮ್ಮ ಕಸುಬಿನವರೇ, ಪತ್ರಕರ್ತರು. ಭಾರತ ಸುತ್ತಿ 1934ರಲ್ಲಿ 'ಎ ಸರ್ಚ್ ಇನ್ ಸೀಕ್ರೆಟ್ ಇಂಡಿಯಾ' ಪ್ರಕಟಿಸಿದರು. ರಮಣ ಮಹರ್ಷಿಗಳನ್ನು ಪಶ್ಚಿಮದ ಓದುಗರಿಗೆ ಪರಿಚಯಿಸಿದ ಪುಸ್ತಕ ಅದು. ಮುಂದೆ ಈಜಿಪ್ಟಿನ ಮಹಾ ಪಿರಮಿಡ್ಡಿನೊಳಗೆ ಒಂದು ರಾತ್ರಿ ಒಬ್ಬರೇ ಕಳೆದು, ದೇಹದಿಂದ ಹೊರಬಂದೆ, ಪ್ರಾಚೀನ ಪುರೋಹಿತರನ್ನು ಕಂಡೆ ಎಂದು ಬರೆದರು.

ಇಂಥವರು ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯ ಕೊಟ್ಟರು. ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ವೇದಾಂತ ಪಾಠ ಹೇಳಿದರು. ಅಯ್ಯರ್ ಅವರದ್ದು ವಿಚಾರದ ದಾರಿ. ಎಚ್ಚರ, ಕನಸು, ಗಾಢನಿದ್ರೆ ಮೂರನ್ನೂ ಪರೀಕ್ಷಿಸದೆ ಸತ್ಯ ಸಿಗದು ಎನ್ನುವ ದಾರಿ. ಕನಸಿನ ಹುಲಿಯೂ ಎಚ್ಚರವಾಗುವ ತನಕ ನಿಜವೇ. ಹಾಗಿರುವಾಗ 'ನಾನೇ ಕಂಡೆ' ಎಂಬುದಷ್ಟೇ ಸಾಕ್ಷಿಯಾಗುವುದು ಹೇಗೆ?

ಈ ಪ್ರಶ್ನೆಯ ಗುರುತು 1941ರ 'ದಿ ಹಿಡನ್ ಟೀಚಿಂಗ್ ಬಿಯಾಂಡ್ ಯೋಗ'ದಲ್ಲಿದೆ. ದರ್ಶನಗಳಿಗೆ ಕಾಣುವವನ ಮನಸ್ಸಿನ ಬಣ್ಣವೂ ಹತ್ತಿರುತ್ತದೆ, ಅವನ್ನು ಬುದ್ಧಿಯಿಂದ ಒರೆಗೆ ಹಚ್ಚಬೇಕು ಎಂದು ಬ್ರಂಟನ್ ವಾದಿಸಿದರು. 1943ರ 'ದಿ ವಿಸ್ಡಮ್ ಆಫ್ ದಿ ಓವರ್‌ಸೆಲ್ಫ್'ನಲ್ಲಿ ಸಾವಿನ ನಂತರದ ಲೋಕವನ್ನೇ ಕನಸಿಗೆ ಹೋಲಿಸಿದರು. ಅವರು ನಾಸ್ತಿಕರಾಗಲಿಲ್ಲ, ಪುನರ್ಜನ್ಮವನ್ನು ಬಿಡಲೂ ಇಲ್ಲ. ಆದರೆ ಕಂಡದ್ದಕ್ಕೂ ನಿಜಕ್ಕೂ ನಡುವೆ ಒಂದು ಗೆರೆ ಎಳೆದರು.

ಆ ಗೆರೆ ನಮಗೆ ಇಂದೂ ಬೇಕು. ಸತ್ತವರನ್ನು ಮಾತಾಡಿಸುತ್ತೇವೆ ಎನ್ನುವವರ ಮುಂದೆ ಕೂರುವುದು ಹೆಚ್ಚಾಗಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿ. ಅವರ ದುಃಖವನ್ನು ಗೇಲಿ ಮಾಡುವ ಹಕ್ಕು ವರದಿಗಾರರಾದ ನಮಗಿಲ್ಲ. ಆ ದುಃಖಕ್ಕೆ ದರ ಕಟ್ಟುವವರ ಮಾತನ್ನು ಹಾಗೇ ಅಚ್ಚು ಹಾಕುವ ಹಕ್ಕೂ ಇಲ್ಲ. ನಿಮಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಬೇಕು. ಉತ್ತರ ಸಿಗುವವರೆಗೆ ಕೇಳುತ್ತಲೇ ಇರಬೇಕು.