ಬಾಳಿಕೆಯ ಚರಿತ್ರೆ: ಕಲಾಯಿ, ಕೈಗಡಿಯಾರ ಮತ್ತು ಪೊವೇಯ ನಮ್ಮ ಮನೆಗಳು



ಒಳ್ಳೆಯ ವಸ್ತುವನ್ನು ಕುರಿತು ನಾವು ‘ಬಾಳಿಕೆ ಬರುತ್ತದೆ’ ಎನ್ನುತ್ತೇವೆ. ಮನುಷ್ಯನ ಬಾಳಿಗೂ ಪಾತ್ರೆಯ ಬಾಳಿಕೆಗೂ ಕನ್ನಡದಲ್ಲಿ ಮೂಲಪದ ಒಂದೇ. ಪೊವೇಯಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಗ್ಯಾರೇಜನ್ನು ಒಪ್ಪಗೊಳಿಸುವಾಗ ಊರಿನಿಂದ ತಂದ ಹಿತ್ತಾಳೆಯ ಕೊಳಗ, ನಿಂತುಹೋದ ಕೈಗಡಿಯಾರ, ಕೆಟ್ಟ ಮಿಕ್ಸಿ ಇವುಗಳ ಮುಂದೆ ಕೈಕಟ್ಟಿ ನಿಲ್ಲುವುದುಂಟು. ಯಾವುದನ್ನು ಉಳಿಸಿಕೊಳ್ಳಬೇಕು? ಹೊಸದಾಗಿ ಕೊಳ್ಳುವಾಗ ಏನನ್ನು ನೋಡಬೇಕು? ಕರ್ನಾಟಕದ ಗೃಹೋಪಯೋಗಿ ವಸ್ತುಗಳ ಚರಿತ್ರೆ ಈ ಪ್ರಶ್ನೆಗಳಿಗೆ ಕೊಡುವ ಉತ್ತರ ಸ್ಪಷ್ಟವಾಗಿದೆ: ವಸ್ತುವಿನ ಆಯುಸ್ಸು ಅದರ ಲೋಹವನ್ನು ಎಷ್ಟು ಅವಲಂಬಿಸಿದೆಯೋ, ಅದನ್ನು ದುರಸ್ತಿ ಮಾಡಬಲ್ಲ ಕೈಗಳನ್ನೂ ಬಿಡಿಭಾಗಗಳನ್ನೂ ಅಷ್ಟೇ ಅವಲಂಬಿಸಿದೆ.

ನಮ್ಮ ಅಜ್ಜಿಯರ ಅಡುಗೆಮನೆಯಿಂದಲೇ ಆರಂಭಿಸೋಣ. ತಾಮ್ರ, ಹಿತ್ತಾಳೆಗಳ ಪಾತ್ರೆಯಲ್ಲಿ ಹುಣಸೆಹುಳಿಯ ಸಾರನ್ನೋ ಮಜ್ಜಿಗೆಹುಳಿಯನ್ನೋ ನೇರವಾಗಿ ಕಾಯಿಸುವಂತಿರಲಿಲ್ಲ. ಹುಳಿ ಲೋಹವನ್ನು ಕರಗಿಸಿ ಕಿಲುಬು ಹಿಡಿಸುತ್ತಿತ್ತು. ಆದ್ದರಿಂದ ಪಾತ್ರೆಯ ಒಳಮೈಗೆ ತವರದ ತೆಳುವಾದ ಲೇಪ ಬೇಕಾಗುತ್ತಿತ್ತು. ಕಲಾಯಿ ಹಾಕುವವರು ಬೀದಿಯ ಮೂಲೆಯಲ್ಲಿ ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯಿಂದ ಒಳಮೈಯನ್ನು ಶುದ್ಧಗೊಳಿಸಿ, ಕರಗಿದ ತವರವನ್ನು ಅರಳೆಯಿಂದ ಸವರುತ್ತಿದ್ದರು. ಲೇಪ ಸವೆದಂತೆ ಮತ್ತೆ ಕಲಾಯಿ ಹಾಕಿಸಬೇಕಾಗಿತ್ತು. ರುಬ್ಬುವ ಒರಳಿನ ಸಂಗತಿಯೂ ಹೀಗೆಯೇ: ಕಲ್ಲು ನುಣುಪಾದಾಗ ಉಳಿಯಿಂದ ಮತ್ತೆ ಕಚ್ಚು ಹಾಕಿಸುತ್ತಿದ್ದರು. ಮನೆಯವರ ಹೆಸರನ್ನು ಚುಕ್ಕಿಗಳಲ್ಲಿ ಕೆತ್ತಿಸಿದ ಪಾತ್ರೆಯೊಂದು ಮೂರು ತಲೆಮಾರುಗಳನ್ನು ಕಂಡಿದ್ದರೆ, ಅದರಲ್ಲಿ ಕಂಚುಗಾರನಂತೆಯೇ ಕಲಾಯಿಯವನ ಪಾಲೂ ಇದೆ.

ಅನಂತರ ಸ್ಟೀಲ್ ಪಾತ್ರೆಗಳು ಬಂದವು. ಉಕ್ಕಿನಲ್ಲಿ ಬೆರೆತ ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ರಕ್ಷಾಕವಚವನ್ನು ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಕಲಾಯಿ ಬೇಡ. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಕೊಟ್ಟು ಸ್ಟೀಲ್ ಕೊಂಡ ಮನೆಗಳು ಅಸಂಖ್ಯ. ಗೃಹಿಣಿಯರ ಶ್ರಮ ಇಳಿಯಿತು, ನಿಜ. ಆದರೆ ಕಲಾಯಿಯವರಿಗೆ ಕೆಲಸ ತಪ್ಪಿತು. ಅವರು ಮರೆಯಾದ ಮೇಲೆ, ಉಳಿದುಕೊಂಡಿದ್ದ ಗಟ್ಟಿ ಪಾತ್ರೆಗಳೂ ಅಡುಗೆಗೆ ಒದಗದೆ ಅಟ್ಟ ಸೇರಿದವು.

ಲೋಹದ ಪಾತ್ರೆಗಾದ ಗತಿಯನ್ನೇ ಮತ್ತೊಂದು ನಿತ್ಯೋಪಯೋಗಿ ವಸ್ತುವಿನಲ್ಲೂ ಕಾಣಬಹುದು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಜನತಾ, ಪೈಲಟ್, ಕಾಂಚನ್ ಮುಂತಾದ ಹೆಸರುಗಳನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ತುಮಕೂರಿನಲ್ಲಿಯೂ ಕಾರ್ಖಾನೆ ತಲೆಯೆತ್ತಿತು. ನೌಕರಿ ಸಿಕ್ಕಾಗ, ಮದುವೆಯಾದಾಗ, ನಿವೃತ್ತಿಯಾದಾಗ ಎಚ್‌ಎಂಟಿ ಕಟ್ಟುವುದು ಒಂದು ಸಂಪ್ರದಾಯವೇ ಆಗಿತ್ತು. ದಿನವೂ ಕೀಲಿ ಕೊಡಬೇಕಾದ ಆ ಗಡಿಯಾರವನ್ನು ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ತೊಳೆದು, ಎಣ್ಣೆಯಿಟ್ಟರೆ ದಶಕಗಳ ಕಾಲ ನಡೆಯುತ್ತಿತ್ತು. ಪೇಟೆಬೀದಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಲ್ಲೇ ಈ ಕೆಲಸ ಮುಗಿಸುತ್ತಿದ್ದನು.

1969ರಲ್ಲಿ ಜಪಾನಿನ ಸೈಕೋ ಸಂಸ್ಥೆ ಮಾರುಕಟ್ಟೆಗೆ ತಂದ ಕ್ವಾರ್ಟ್ಜ್ ಕೈಗಡಿಯಾರ ಜಗತ್ತಿನ ಉದ್ಯಮವನ್ನೇ ಬದಲಿಸಿತು. ಎಂಬತ್ತರ ದಶಕದಲ್ಲಿ ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ಟೈಟಾನ್ ಕ್ವಾರ್ಟ್ಜ್ ಗಡಿಯಾರಗಳನ್ನು ತಯಾರಿಸಲಾರಂಭಿಸಿತು. ಹೊಸ ಸ್ಪರ್ಧೆಯ ಮುಂದೆ ಎಚ್‌ಎಂಟಿ ಕುಗ್ಗುತ್ತ ಬಂದು, 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಆದರೂ ಹಳೆಯ ಗಡಿಯಾರಗಳು ಇಂದಿಗೂ ನಡೆಯುತ್ತಿವೆ, ಏಕೆಂದರೆ ಅವುಗಳನ್ನು ಬಿಚ್ಚಬಹುದು, ಒಂದರ ಭಾಗವನ್ನು ಮತ್ತೊಂದಕ್ಕೆ ಜೋಡಿಸಬಹುದು. ಊರಿಗೆ ಹೋದಾಗ ಮಕ್ಕಳನ್ನು ಜಾಲಹಳ್ಳಿಯ ಎಚ್‌ಎಂಟಿ ಪಾರಂಪರಿಕ ಕೇಂದ್ರಕ್ಕೆ ಕರೆದೊಯ್ದರೆ ಈ ಕಥೆಯನ್ನು ಅವರು ಕಣ್ಣಾರೆ ನೋಡಬಹುದು.

ಇನ್ನು ನಮ್ಮ ಈಗಿನ ನೆಲೆಗೆ ಬರೋಣ. ಭಾರತದ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಇಲ್ಲಿಯದು 120 ವೋಲ್ಟ್, 60 ಹರ್ಟ್ಜ್. ಎಷ್ಟೇ ಗಟ್ಟಿಯಾದ ಮಿಕ್ಸಿಯಾದರೂ ಇಲ್ಲಿ ಅದಕ್ಕೊಂದು ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲಿಯ ವಿದ್ಯುತ್ತಿಗೆಂದೇ ತಯಾರಾದ ಗ್ರೈಂಡರನ್ನು ಕೊಳ್ಳುವುದೇ ಲೇಸು. ಸ್ಯಾನ್ ಡಿಯಾಗೋ ಪ್ರಾಂತ್ಯದ ನೀರು ಬಹುಮಟ್ಟಿಗೆ ಕೊಲರಾಡೋ ನದಿಯಿಂದ ಬರುವ ಗಡಸು ನೀರು. ಕೆಟಲ್, ಕಾಫಿ ಯಂತ್ರಗಳಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗಿದ ನಮಗೆ ಇಲ್ಲಿ ವಿನೆಗರ್ ಅದೇ ಕೆಲಸ ಮಾಡಿಕೊಡುತ್ತದೆ.

ದುರಸ್ತಿಯ ಮಹತ್ವವನ್ನು ಈಗ ಕ್ಯಾಲಿಫೋರ್ನಿಯಾದ ಕಾನೂನೂ ಮನ್ನಿಸಿದೆ. 2023ರ ಅಕ್ಟೋಬರಿನಲ್ಲಿ ಅಂಗೀಕೃತವಾದ ದುರಸ್ತಿ ಹಕ್ಕಿನ ಕಾಯಿದೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. 2021ರ ಜುಲೈ 1ರಿಂದೀಚೆಗೆ ತಯಾರಾಗಿ ಮಾರಾಟವಾದ ಬಹುಪಾಲು ಎಲೆಕ್ಟ್ರಾನಿಕ್ ವಸ್ತುಗಳಿಗೂ ಗೃಹಯಂತ್ರಗಳಿಗೂ ಬಿಡಿಭಾಗ, ಉಪಕರಣ ಮತ್ತು ದುರಸ್ತಿ ಕೈಪಿಡಿಗಳನ್ನು ತಯಾರಕರು ನ್ಯಾಯವಾದ ಷರತ್ತಿನ ಮೇಲೆ ಮಾಲೀಕರಿಗೂ ಸ್ವತಂತ್ರ ರಿಪೇರಿಗಾರರಿಗೂ ಒದಗಿಸಬೇಕು. ಸಗಟು ಬೆಲೆ 50 ಡಾಲರಿನಿಂದ 100 ಡಾಲರಿನೊಳಗಿದ್ದರೆ, ಆ ಮಾದರಿಯ ತಯಾರಿಕೆ ನಿಂತ ಮೇಲೆ 3 ವರ್ಷ; 100 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 7 ವರ್ಷ.

ಆದ್ದರಿಂದ ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸೋಣ. ಮೊದಲು ಸವೆಯುವ ಭಾಗ ಯಾವುದು? ಕುಕ್ಕರಿನಲ್ಲಿ ಅದು ಗ್ಯಾಸ್ಕೆಟ್, ಗ್ರೈಂಡರಿನಲ್ಲಿ ಬೆಲ್ಟ್. ಆ ಭಾಗ ಇಲ್ಲಿ ದೊರೆಯುತ್ತದೆಯೇ? ತಿರುಪುಮೊಳೆ ಬಿಚ್ಚಿ ಅದನ್ನು ಬದಲಿಸಬಹುದೇ? ಮೂರಕ್ಕೂ ಉತ್ತರ ಸಿಕ್ಕರೆ ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಗ್ಯಾರೇಜಿನಲ್ಲಿರುವ ಹಿತ್ತಾಳೆಯ ಪಾತ್ರೆಗಳಲ್ಲಿ ಕಲಾಯಿ ಸವೆದಿದ್ದರೆ ಹುಳಿಯಡುಗೆಗೆ ಅವನ್ನು ಬಳಸದಿರೋಣ. ಮುಂದಿನ ಸಲ ಊರಿಗೆ ಹೋಗುವಾಗ ಅವುಗಳಲ್ಲೊಂದನ್ನು ಜೊತೆಗೊಯ್ದು, ಕಲಾಯಿ ಬಲ್ಲವರನ್ನು ಹುಡುಕಿ ಕೆಲಸ ಕೊಡೋಣ. ಅವರ ಕೈಚಳಕವನ್ನು ನಮ್ಮ ಮಕ್ಕಳು ಪಕ್ಕದಲ್ಲಿ ಕುಳಿತು ನೋಡಲಿ.